ನಲವತ್ತೊಂದನೆಯ ನಂಬರಿನ ಗ್ರಂಥಿ

ನಮ್ಮತ್ತೆ ಮನೆಯಲ್ಲಿ ತರಕಾರಿ ಹೆಚ್ಚಲು ಕೂತರೆ ಮಾವ ತಟ್ಟೆಯಿಂದ ಒಂದು ಆಲೂಗಡ್ಡೆ ಹೋಳು ಎತ್ತಿ ನನಗೆ ತೋರಿಸುತ್ತಾರೆ.

"ನೋಡಮ್ಮ, ಇದನ್ನ ಬಾಗಿಲಿಗೆ ಅಡ್ಡ ಇಟ್ರೆ ಎಂಥ ಗಾಳಿಗೂ ಬಾಗಿಲು ಹೊಡ್ಕೊಳ್ಳಲ್ಲ."

ಅತ್ತೆ ತಲೆ ಎತ್ತುವುದಿಲ್ಲ. "ದಿನವಿಡೀ ಸಣ್ಣಗೆ ಕೊಯ್ದು ಸಾಕಾಗಿರತ್ತೆ. ಮನೇಲಾದ್ರೂ ದಪ್ಪಗೆ ಹೆಚ್ಚೋಕೆ ಬಿಡ್ರೀ."

ಅವರು ಹೇಳುವುದು ಸುಳ್ಳಲ್ಲ. ಅತ್ತೆಯ ಕೆಲಸ ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯ ಲ್ಯಾಬಿನಲ್ಲಿ. ಆಪರೇಷನ್ನಿನಲ್ಲಿ ತೆಗೆದ ಗಂಟು, ಗ್ರಂಥಿ, ಕರುಳಿನ ತುಂಡು ಎಲ್ಲವೂ ಅಲ್ಲಿಗೆ ಇಳಿದು ಬರುತ್ತವೆ. ಅವುಗಳಿಂದ ಆಯ್ದ ಚೂರನ್ನು ಮೇಣದಲ್ಲಿ ಹುದುಗಿಸಿ ಬೆಂಕಿಪೊಟ್ಟಣದ ಅರ್ಧದಷ್ಟಿರುವ ಬಿಲ್ಲೆ ಮಾಡುತ್ತಾರೆ. ಅದನ್ನು ಬ್ಲಾಕ್ ಎನ್ನುತ್ತಾರೆ. ಅತ್ತೆ ಅದನ್ನು ಯಂತ್ರಕ್ಕೆ ಸಿಕ್ಕಿಸಿ, ಹಿಡಿ ತಿರುಗಿಸುತ್ತ, ಪದರ ಪದರವಾಗಿ ಕೊಯ್ಯುತ್ತಾರೆ. ಒಂದು ಕೂದಲನ್ನು ಉದ್ದಕ್ಕೆ ಇಪ್ಪತ್ತು ಸೀಳು ಮಾಡಿದರೆ ಒಂದು ಸೀಳು ಎಷ್ಟು ದಪ್ಪವೋ ಪದರವೂ ಅಷ್ಟೇ. ರಿಬ್ಬನ್ನಿನಂತೆ ಒಂದಕ್ಕೊಂದು ಅಂಟಿಕೊಂಡು ಬರುವ ಪದರಗಳನ್ನು ಬ್ರಷ್ಷಿನ ತುದಿಯಲ್ಲಿ ಎತ್ತಿ ಬೆಚ್ಚನೆಯ ನೀರಿನ ತೊಟ್ಟಿಯಲ್ಲಿ ತೇಲಿಬಿಡಬೇಕು. ಸುಕ್ಕು ಬಿಟ್ಟ ಕೂಡಲೇ ಗಾಜಿನ ಸ್ಲೈಡನ್ನು ಕೆಳಗಿನಿಂದ ತೂರಿಸಿ ಎತ್ತಿಕೊಳ್ಳಬೇಕು. ಆಮೇಲೆ ಮೆತ್ತನೆಯ ಕಾಗದವನ್ನು ನೀರಿನ ಮೇಲೆ ಒಮ್ಮೆ ಎಳೆದು, ಉಳಿದ ಚೂರುಪಾರು ತೆಗೆದು, ಮುಂದಿನ ಬ್ಲಾಕಿಗೆ ಕೈ ಹಾಕಬೇಕು. ಹೀಗೆ ದಿನಕ್ಕೆ ಎಂಬತ್ತು ತೊಂಬತ್ತು ಬ್ಲಾಕು, ಮೂವತ್ತೊಂದು ವರ್ಷ.

ಅವರ ಪದರಗಳು ಈರುಳ್ಳಿಯ ಒಳಸಿಪ್ಪೆಯಂತೆ ಒಂದು ಹರಿಯದೆ ಒಂದು ಮಡಿಚದೆ ಬರುತ್ತವೆ ಎಂದು ಲ್ಯಾಬಿನವರು ಅವರಿಗೆ ಸಿಪ್ಪೆಯಮ್ಮ ಎಂದು ಹೆಸರಿಟ್ಟಿದ್ದಾರೆ. ಈ ಹೆಸರು ಮನೆಗೆ ತಿಳಿದಾಗ ಮಾವ ಎರಡು ದಿನ ನಕ್ಕರು. ಅತ್ತೆ ಮಾತ್ರ ಅದನ್ನು ಬಿರುದಿನ ಹಾಗೆ ಇಟ್ಟುಕೊಂಡಿದ್ದಾರೆ. ರೋಗಿಗಳ ಮುಖ ಅವರು ನೋಡಿದವರಲ್ಲ. ಅವರಿಗೆ ಸಿಗುವುದು ಒಂದು ನಂಬರು, ವಯಸ್ಸು, ಉದ್ಯೋಗ, ಮೇಣದೊಳಗಿನ ಒಂದು ಚೂರು. ಆದರೂ ಊಟಕ್ಕೆ ಕೂತಾಗ ಮಗನನ್ನೋ ಸೊಸೆಯನ್ನೋ ವಿಚಾರಿಸಿದಷ್ಟೇ ಸಹಜವಾಗಿ, "ಇವತ್ತು ಒಬ್ಬ ಟೈಲರ್‌ದು ಬಂದಿತ್ತು, ಪಾಪ, ಏನೂ ಇರಲಿಲ್ಲ, ಬರೀ ಹುಣ್ಣು" ಎಂದು ಹೇಳಿ ಇನ್ನೊಂದು ತುತ್ತು ಹೆಚ್ಚು ಉಣ್ಣುತ್ತಾರೆ.

ಲ್ಯಾಬಿನ ಡಾಕ್ಟರಮ್ಮ ಅತ್ತೆಗಿಂತ ಇಪ್ಪತ್ತು ವರ್ಷ ಚಿಕ್ಕವರು. ಎರಡು ವರ್ಷದಿಂದ ಅವರು ಜಠರದ ಕ್ಯಾನ್ಸರಿನ ಮೇಲೆ ಒಂದು ಅಧ್ಯಯನ ನಡೆಸುತ್ತಿದ್ದಾರೆ. ನಾನು ಬಸುರಿಯಾಗಿದ್ದಾಗ ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಾಗ, ಅದು ಏನು ಅಂಥ ಅಧ್ಯಯನ ಎಂದು ಅತ್ತೆಯನ್ನು ಕೇಳಿದ್ದೆ. ಅವರು ಬೆರಳಿನಿಂದ ಮೇಜಿನ ಮೇಲೆ ಗೆರೆ ಎಳೆಯುತ್ತ ಹೇಳಿದ್ದರು.

"ಕ್ಯಾನ್ಸರ್ ಗಂಟು ಸಾಸಿವೆ ಕಾಳಷ್ಟು ಆಗೋವರೆಗೂ ಅಕ್ಕಪಕ್ಕದಿಂದ ಜಿನುಗಿದ್ದರಲ್ಲೇ ಹೊಟ್ಟೆ ಹೊರ್ಕೊಳ್ಳತ್ತೆ. ಅದಕ್ಕಿಂತ ಬೆಳೀಬೇಕಾದ್ರೆ ರಕ್ತ ಬೇಕಲ್ಲ? ಆಗ ಅದು ಒಂದು ರಸ ಬಿಡತ್ತೆ. ರಕ್ತನಾಳ ಬೆಳೆಸೋ ರಸ. ಹತ್ತಿರದ ನಾಳಕ್ಕೆ ಅದು ಮುಟ್ಟಿದ್ರೆ ಸಾಕು, ನಾಳ ಕವಲೊಡೆದು ಗಂಟಿನ ಕಡೆ ಬರತ್ತೆ."

ಮಾವ ನಲ್ಲಿ-ಪೈಪಿನ ಕೆಲಸದವರು. ತಟ್ಟೆ ಬಿಟ್ಟು ಎದ್ದು ನಿಂತರು. "ಅಂದ್ರೆ ಕನೆಕ್ಷನ್‌ಗೆ ಅರ್ಜಿ ಹಾಕತ್ತೆ ಅನ್ನು. ಹಾಕಿದ ತಕ್ಷಣ ಮಂಜೂರು! ಯಾವ ಆಫೀಸಪ್ಪ ಅದು, ನಮಗೂ ಹೇಳು."

"ಮಂಜೂರೇನೋ ಆಗತ್ತೆ. ಆದ್ರೆ ಗಡಿಬಿಡಿ ಕೆಲಸ. ಹೊಸ ನಾಳ ಎಲ್ಲ ಡೊಂಕು, ಸಂದಿ ಸಂದೀಲಿ ಸೋರತ್ತೆ."

"ಸೋರದೆ ಇನ್ನೇನು. ಅರ್ಜೆಂಟ್ ಅಂತ ಕರೆದವರ ಮನೆ ಜಾಯಿಂಟ್ ಯಾವತ್ತು ನೆಟ್ಟಗಿರತ್ತೆ?"

"ಆ ಸಂದಿಯಿಂದಾನೇ ಗಂಟಿನ ಕಣಗಳು ಒಳಗೆ ನುಸುಳಿ ರಕ್ತದ ಜೊತೆ ಲಿವರ್‌ಗೆ ಹೋಗ್ತವೆ. ಅದೇ ಮನೆತನದ ಇನ್ನೊಂದು ರಸ ಇದೆ, ಅದು ದುಗ್ಧನಾಳ, ಅಂದ್ರೆ ರಕ್ತದಿಂದ ಜಿನುಗಿದ ತಿಳಿನೀರು ವಾಪಸ್ ಹೋಗೋ ನಾಳ, ಬೆಳೆಸತ್ತೆ. ಆ ದಾರಿ ಹಿಡಿದವು ಅದರುದ್ದಕ್ಕೂ ಇರೋ ಗ್ರಂಥಿಗಳಿಗೆ ಹೋಗಿ ಕೂರ್ತವೆ. ಡಾಕ್ಟರಮ್ಮ ಎರಡಕ್ಕೂ ಬಣ್ಣ ಹಾಕಿ ನೋಡ್ತಾರೆ. ರಸ ಜಾಸ್ತಿ ಇದ್ರೆ ಸ್ಲೈಡ್ ಗಾಢ ಕಂದು. ಕಡಿಮೆ ಇದ್ರೆ ತಿಳಿ. ಗಾಢ ಬಂದವರಲ್ಲಿ ಹರಡಿರೋದು ಜಾಸ್ತಿ ಅಂತ ಕಾಣ್ತಾ ಇದೆ ಅವರಿಗೆ."

"ತಿಳಿ ಬಂದವರು ಬಚಾವಾ?" ಎಂದೆ ನಾನು.

"ಹಾಗೆ ಬರೆದು ಕೊಡೋಕಾಗಲ್ಲ ಮಗಳೇ. ಜಾಸ್ತಿ, ಕಡಿಮೆ ಅಂತ ಅಷ್ಟೇ ಹೇಳಬಹುದು."

ಇದು ನಡೆದು ವರ್ಷ ಕಳೆದಿದೆ. ಈಗ ಹೇಳಹೊರಟಿರುವುದು ಕಳೆದ ವಾರದ ಮಾತು.

ಬುಧವಾರ ಮಧ್ಯಾಹ್ನ ಮಗುವಿಗೆ ಸ್ನಾನ ಮಾಡಿಸಿ ಟವೆಲ್ಲಿನಲ್ಲಿ ಸುತ್ತುತ್ತಿದ್ದೆ, ಅತ್ತೆಯ ಫೋನು ಬಂತು. ಕೆಲಸದ ಹೊತ್ತಿನಲ್ಲಿ ಅವರು ಫೋನು ಮಾಡುವವರೇ ಅಲ್ಲ.

"ಪುಟ್ಟಿ ಮೊದಲ ಸಲ ನಡೆದದ್ದು ಯಾವತ್ತು? ನೀನು ಡೈರೀಲಿ ಬರೆದಿರ್ತೀಯಲ್ಲ, ನೋಡು. ಹೊತ್ತೂ ಬೇಕು."

ಪುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡು ಪುಟ ತಿರುಗಿಸಿದೆ. "ಹಿಂದಿನ ವಾರ ಮಂಗಳವಾರ. ಹನ್ನೊಂದು ಇಪ್ಪತ್ತು. ಕುರ್ಚಿಯಿಂದ ಬಾಗಿಲವರೆಗೆ ನಾಲ್ಕು ಹೆಜ್ಜೆ. ಅತ್ತೆಗೆ ಫೋನ್ ಮಾಡಿದೆ, ಮೂರನೇ ಸಲಕ್ಕೆ ಎತ್ತಿದರು, ಅಂತ ಬರೆದಿದ್ದೀನಿ."

ಅತ್ತೆ "ಸರಿ" ಎಂದು ಇಟ್ಟುಬಿಟ್ಟರು.

ಸಂಜೆ ಮನೆಗೆ ಬಂದವರು ಚಪ್ಪಲಿ ಬಿಚ್ಚದೆ ಹಾಲಿನಲ್ಲಿ ಕೂತರು. ಆಗ ವಿಷಯ ಹೊರಬಿತ್ತು. ಆ ಮಂಗಳವಾರ ಅವರ ಕೈಗೆ ಎರಡು ಜಠರದ ಕೇಸು ಒಂದರ ಹಿಂದೊಂದು ಬಂದಿದ್ದವು. ನಲವತ್ತನೆಯ ನಂಬರಿನದು ದೊಡ್ಡ ಗಂಟು, ಆಗಲೇ ಬೇರೂರಿದ್ದು. ನಲವತ್ತೊಂದನೆಯದು ನಲವತ್ತಾರು ವರ್ಷದ ಶಾಲಾ ಬಸ್ ಚಾಲಕರದು. ಸಣ್ಣ ಗಂಟು, ಬೇಗ ಸಿಕ್ಕಿದ್ದು. ಹದಿನೆಂಟು ಗ್ರಂಥಿಗಳನ್ನು ತೆಗೆದು ಕಳಿಸಿದ್ದರು. ಹದಿನೇಳು ಶುದ್ಧ. ಒಂದರಲ್ಲಿ ಮಾತ್ರ ಅಂಚಿಗೆ ಅಂಟಿದಂತೆ ಕ್ಯಾನ್ಸರಿನ ಒಂದು ಪುಟ್ಟ ಗುಂಪು ಕಂಡಿತ್ತು. ರಿಪೋರ್ಟು ಹೋಗಿಯೂ ಆಗಿತ್ತು. ಗ್ರಂಥಿಗೆ ಹರಡಿದೆ ಎಂದರೆ ಆಪರೇಷನ್ ಒಂದೇ ಸಾಲದು, ಆರು ತಿಂಗಳು ಕೀಮೋ. ಸರ್ಜನ್ನರು ಚಾಲಕರನ್ನು ಕೂರಿಸಿಕೊಂಡು ಹೇಳಿಯೂ ಬಿಟ್ಟಿದ್ದರು. ಅವರು ಬಸ್ಸಿನ ಕೀಲಿ ಶಾಲೆಗೆ ಒಪ್ಪಿಸಿ ಬಂದಿದ್ದರಂತೆ. ಬರುವ ಸೋಮವಾರ ಡಾಕ್ಟರರ ಸಭೆಯಲ್ಲಿ ಕೀಮೋದ ದಿನ ಗೊತ್ತಾಗುವುದಿತ್ತು.

"ಇವತ್ತು ಡಾಕ್ಟರಮ್ಮ ತಮಾಷೆಗೆ ಅಂದ್ರು, ನಿಮ್ಮ ನಲವತ್ತೊಂದು ನನ್ನ ಅಧ್ಯಯನಕ್ಕೇ ತಿರುಗಿ ಬಿದ್ದಿದೆ ನೋಡಿ ಸಿಪ್ಪೆಯಮ್ಮ, ಗಂಟು ನೀರು ಬೆರೆಸಿದ ಚಹಾದ ಹಾಗೆ ತಿಳಿ, ನಾಳನೂ ನಾಲ್ಕೇ ನಾಲ್ಕು, ಆದ್ರೂ ಗ್ರಂಥಿಗೆ ಹೋಗಿ ಕೂತಿದೆ, ಅಂತ. ಹಾಗೂ ಇರತ್ತೆ ಅಂದು ಅವರು ಎದ್ದು ಹೋದ್ರು. ನನಗೆ ಮಾತ್ರ ಆ ಮಂಗಳವಾರ ನೆನಪಿಗೆ ಬಂತು. ಆವತ್ತು ನಲವತ್ತು ಮುಗಿಸಿದ್ದೆ. ಫೋನು ಹೊಡ್ಕೊಳ್ತಾನೇ ಇತ್ತು. ಎತ್ತಿದೆ. ಪುಟ್ಟಿ ನಡೆದಳು ಅಂದೆ ನೀನು. ಫೋನ್ ಇಟ್ಟು ಖುಷೀಲಿ ಸೀದಾ ನಲವತ್ತೊಂದರ ಗ್ರಂಥಿ ಸಿಕ್ಕಿಸಿ ಕೊಯ್ದೆ. ನಡುವೆ ನೀರು ಒರೆಸಿದ್ದು ನೆನಪಿಗೆ ಬರ್ತಾ ಇಲ್ಲ. ಪಟ್ಟೀಲಿ ನೋಡಿದ್ರೆ ಆ ಬ್ಲಾಕ್ ಕೊಯ್ದ ಹೊತ್ತು ಹನ್ನೊಂದು ಇಪ್ಪತ್ತೈದು."

ನೀರಿನ ಮೇಲೆ ತೇಲುತ್ತ ಉಳಿದ ನಲವತ್ತರ ಚೂರೊಂದು ನಲವತ್ತೊಂದರ ಸ್ಲೈಡಿಗೆ ಹತ್ತಿಕೊಂಡಿರಬಹುದು ಎಂಬುದು ಅವರ ಅನುಮಾನ. ಹಾಗಿದ್ದರೆ ಚಾಲಕರ ಗ್ರಂಥಿಯಲ್ಲಿ ಕ್ಯಾನ್ಸರೇ ಇಲ್ಲ. ಕಂಡದ್ದು ಇನ್ನೊಬ್ಬರದು.

"ನಾನು ಮೂರು ಮೂರು ಸಲ ಫೋನ್ ಮಾಡಬಾರದಿತ್ತು ಅತ್ತೆ."

"ನೋಡು, ಅದೆಲ್ಲ ಬೇಡ. ಮಗು ನಡೆದ್ರೆ ತಾಯಿ ಫೋನ್ ಮಾಡ್ತಾಳೆ. ಅದು ನಿನ್ನ ಕೆಲಸ. ನೀರು ಒರೆಸೋದು ನನ್ನ ಕೆಲಸ."

ಮಾವ ಹಿಂದಿನಿಂದ ಬಂದು ಅವರ ಚಪ್ಪಲಿಯನ್ನು ತಾವೇ ಬಿಚ್ಚಿ ಬಾಗಿಲ ಹತ್ತಿರ ಇಟ್ಟರು. "ಅನುಮಾನ ತಾನೆ, ನಾಳೆ ಹೇಳು" ಎಂದರು. ಅಂದು ಆಲೂಗಡ್ಡೆಯ ಸುದ್ದಿ ಎತ್ತಲಿಲ್ಲ.

ಗುರುವಾರ ಬೆಳಿಗ್ಗೆ ಅತ್ತೆ ಎಷ್ಟು ಆತುರದಲ್ಲಿ ಹೊರಟರೆಂದರೆ ಹತ್ತಿರದ್ದನ್ನು ನೋಡುವ ಕನ್ನಡಕ ಟೀವಿಯ ಮೇಲೇ ಉಳಿದಿತ್ತು. ಪುಟ್ಟಿಯನ್ನು ಮಾವನ ಮಡಿಲಿಗೆ ಹಾಕಿ, ಬಾಳೆಹಣ್ಣು ಕಿವುಚಿ ಬಟ್ಟಲಲ್ಲಿಟ್ಟು, ಕನ್ನಡಕ ಹಿಡಿದು ನಾನೇ ಹೋದೆ. ಆ ಲ್ಯಾಬಿನೊಳಗೆ ಕಾಲಿಟ್ಟದ್ದು ಅದೇ ಮೊದಲು. ಉದ್ದನೆಯ ಕೋಣೆ. ಮೇಣದ ವಾಸನೆ, ಅದರಡಿಯಲ್ಲಿ ಮೂಗಿಗೆ ಹತ್ತುವ ಇನ್ನೊಂದು ಔಷಧದ ವಾಸನೆ. ಮೂಲೆಯಲ್ಲಿ ಅತ್ತೆಯ ಯಂತ್ರ. ಅದರ ಹಿಡಿಯ ಮೇಲೆ ಅವರ ಅಂಗೈ ತಾಗುವ ಕಡೆ ಬಣ್ಣ ಹೋಗಿ ಲೋಹ ಹೊಳೆಯುತ್ತಿತ್ತು.

ಅತ್ತೆ ಡಾಕ್ಟರಮ್ಮನ ಮುಂದೆ ನಿಂತಿದ್ದರು. ಹೇಳಬೇಕಾದದ್ದನ್ನೆಲ್ಲ ಹೇಳಿ ಮುಗಿಸಿದ್ದರೆಂದು ಡಾಕ್ಟರಮ್ಮನ ಮುಖ ನೋಡಿದರೇ ತಿಳಿಯುತ್ತಿತ್ತು.

"ನಿಮ್ಮ ಸ್ಲೈಡಲ್ಲಿ ನಾನು ಇವತ್ತಿನವರೆಗೆ ಒಂದು ಧೂಳು ನೋಡಿಲ್ಲ ಸಿಪ್ಪೆಯಮ್ಮ."

"ನೋಡಿಲ್ಲ ಅಂತಾನೇ ಈಗ ಸರಿಯಾಗಿ ನೋಡಿ ಅಂತಿರೋದು ಡಾಕ್ಟ್ರೇ."

"ಬಣ್ಣ ತಿಳಿ ಅಂತ ಒಂದೇ ಕಾರಣಕ್ಕೆ ಹರಡಿಲ್ಲ ಅನ್ನೋಕಾಗಲ್ಲ. ತಿಳಿ ಇದ್ದೂ ಹರಡಿದ್ದು ನನ್ನ ಪಟ್ಟೀಲೇ ಆರೇಳಿವೆ."

"ಗೊತ್ತು. ಬಣ್ಣ ನೋಡಿ ನಾನು ಹೇಳ್ತಿಲ್ಲ. ಬಣ್ಣ ನೋಡಿ ನನಗೆ ನೆನಪಾಯ್ತು, ಅಷ್ಟೇ."

ಡಾಕ್ಟರಮ್ಮ ಸ್ಲೈಡನ್ನು ಸೂಕ್ಷ್ಮದರ್ಶಕಕ್ಕೆ ಹಾಕಿದರು. ಇಬ್ಬರು ಎದುರು ಬದುರು ಕೂತು ನೋಡುವಂಥದ್ದು ಅದು. ಸ್ವಲ್ಪ ಹೊತ್ತು ಫೋಕಸಿನ ತಿರುಗಣೆ ಆಚೆ ಈಚೆ ಮಾಡಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಕಂಡು, "ಸೊಸೆನಾ? ಬನ್ನಿ, ಹೊಸ ಕಣ್ಣೂ ಒಂದು ಬೇಕು" ಎಂದು ಎದುರಿನ ಸ್ಟೂಲು ತೋರಿಸಿದರು.

ನೇರಳೆ ಚುಕ್ಕೆಗಳು ಕಿಕ್ಕಿರಿದ ಒಂದು ದುಂಡನೆಯ ಹರಹು ಕಂಡಿತು. ಅದೇ ಗ್ರಂಥಿ. ಅದರ ಅಂಚಿನಲ್ಲಿ ಹರಿದ ಕಸೂತಿಯಂತೆ ಒಂದು ಗುಂಪು.

"ಗ್ರಂಥಿ ಚೊಕ್ಕವಾಗಿ ಕಾಣ್ತಿದೆಯಾ?"

"ಹೂಂ."

"ಆ ಗುಂಪು?"

"ಅದು ಮಸುಕು ಮಸುಕು."

ಅವರು ತಿರುಗಣೆಯನ್ನು ಕೂದಲೆಳೆಯಷ್ಟು ತಿರುಗಿಸಿದರು. ಗುಂಪು ಚೊಕ್ಕವಾಯಿತು, ಗ್ರಂಥಿ ಮಸುಕಾಯಿತು.

"ಒಂದರ ಮೇಲೊಂದು ಕೂತಿದೆ" ಎಂದರು ಡಾಕ್ಟರಮ್ಮ ಮೆಲ್ಲಗೆ. "ಒಳಗಿನದಾಗಿದ್ರೆ ಎರಡೂ ಒಟ್ಟಿಗೆ ಕಾಣಬೇಕಿತ್ತು. ನಾನು ಇದನ್ನ ನೋಡಬೇಕಿತ್ತು. ನಿಮ್ಮ ಸ್ಲೈಡು ಅಂತ ನೋಡಲೇ ಇಲ್ಲ."

ಇಷ್ಟಕ್ಕೇ ರಿಪೋರ್ಟು ತಿದ್ದಲಾಗದು ಎಂದೂ ಅವರೇ ಹೇಳಿದರು. ಬ್ಲಾಕಿನಲ್ಲಿ ಉಳಿದ ಗ್ರಂಥಿಯನ್ನು ತಳದವರೆಗೆ ಕೊಯ್ದು ನೋಡಬೇಕು. ಅದರಲ್ಲಿ ಕ್ಯಾನ್ಸರ್ ಇಲ್ಲದಿದ್ದರೂ ಸಾಲದು, ಸಣ್ಣ ಗುಂಪಾಗಿದ್ದು ಮೊದಲ ಪದರದಲ್ಲೇ ಮುಗಿದುಹೋಗಿರಬಹುದು. ಆದ್ದರಿಂದ ಹಳೆಯ ಸ್ಲೈಡಿನ ಬಣ್ಣ ತೊಳೆದು, ಆ ಗುಂಪಿಗೇ ರಸದ ಬಣ್ಣ ಹಾಕಬೇಕು. ಚಾಲಕರದೇ ಆಗಿದ್ದರೆ ಅವರ ಗಂಟಿನಂತೆ ತಿಳಿ ಬರುವ ಸಂಭವ ಹೆಚ್ಚು. ನಲವತ್ತರದಾಗಿದ್ದರೆ ಗಾಢ ಬರಬೇಕು, ಯಾಕೆಂದರೆ ಆ ಗಂಟು ಅಧ್ಯಯನದಲ್ಲೇ ಎಲ್ಲಕ್ಕಿಂತ ಕಂದು. ಬಣ್ಣ ತೊಳೆಯುವಾಗ ಚೂರು ಎದ್ದು ಹೋದರೆ ಮುಗಿಯಿತು, ಇರುವುದು ಒಂದೇ ಸ್ಲೈಡು.

"ತೊಳೆಯೋದು ನಾನೇ ತೊಳೀತೀನಿ" ಎಂದರು ಅತ್ತೆ.

"ಇನ್ಯಾರ ಕೈಲಿ ಕೊಡ್ಲಿ ಮತ್ತೆ?"

ಕನ್ನಡಕ ಏರಿಸಿಕೊಂಡು ಅತ್ತೆ ಯಂತ್ರದ ಮುಂದೆ ಕೂತರು. ಗ್ರಂಥಿ ಇದ್ದದ್ದು ಅವರೆಕಾಳಿಗಿಂತ ಚಿಕ್ಕದು. ಹಿಡಿ ಒಂದು ಸುತ್ತು ತಿರುಗಿದರೆ ಒಂದು ಪದರ. ಪ್ರತಿ ರಿಬ್ಬನ್ನಿನ ನಂತರ ನೀರು ಒರೆಸಿದರು, ಒರೆಸಿದ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ ಬುಟ್ಟಿಗೆ ಹಾಕಿದರು. ನಾನು ಅರ್ಧ ಗಂಟೆ ನಿಂತೆ. ಇಪ್ಪತ್ತನೆಯ ಸ್ಲೈಡು ಎತ್ತಿದಾಗ ಬ್ಲಾಕಿನಲ್ಲಿ ಬರೀ ಮೇಣ ಉಳಿದಿತ್ತು.

"ಇನ್ನು ಹೊರಡು. ಪುಟ್ಟಿಗೆ ನಿದ್ದೆ ಹೊತ್ತು. ನಿಮ್ಮ ಮಾವ ಅವಳನ್ನ ಮಲಗಿಸೋಕೆ ಹೋಗಿ ತಾವೇ ಮಲಗಿರ್ತಾರೆ" ಎಂದರು, ತಲೆ ಎತ್ತದೆ. ಮನೆಗೆ ಬಂದು ನೋಡಿದರೆ ನಿಜಕ್ಕೂ ಹಾಗೇ ಆಗಿತ್ತು. ಪುಟ್ಟಿ ಅಜ್ಜನ ಹೊಟ್ಟೆಯ ಮೇಲೆ ಕೂತು ಅವರ ಮೂಗಿಗೆ ಬಾಳೆಹಣ್ಣು ತಿನ್ನಿಸುತ್ತಿದ್ದಳು.

ಶುಕ್ರವಾರ ಅತ್ತೆ ಮಧ್ಯಾಹ್ನದ ಡಬ್ಬಿ ಮುಟ್ಟಿರಲಿಲ್ಲ. ಸಂಜೆ ಡಬ್ಬಿ ತೊಳೆಯಲು ತೆಗೆದುಕೊಂಡಾಗ ಭಾರವಾಗಿತ್ತು. ನಾನು ಕೇಳುವ ಮುಂಚೆ ಅವರೇ ಶುರು ಮಾಡಿದರು.

"ಚೂರು ಎದ್ದು ಹೋಗಲಿಲ್ಲ. ಬಣ್ಣ ಹಿಡೀತು."

"ಯಾವ ಬಣ್ಣ?"

"ಕಾಫಿ ಡಿಕಾಕ್ಷನ್. ನಲವತ್ತನ್ನೂ ಪಕ್ಕದಲ್ಲಿಟ್ಟು ನೋಡಿದ್ರು. ಅಕ್ಕ ತಂಗಿ ಹಾಗೆ ಒಂದೇ ಕಂದು, ಒಂದೇ ಹೆಣಿಗೆ. ಇಪ್ಪತ್ತು ಸ್ಲೈಡಲ್ಲಿ ಒಂದರಲ್ಲೂ ಏನಿಲ್ಲ. ಕ್ಯಾನ್ಸರ್ ಕಣ ಒಂದೇ ಒಂದಿದ್ರೂ ಎತ್ತಿ ತೋರಿಸೋ ಬಣ್ಣ ಇನ್ನೊಂದಿದೆ, ಅದನ್ನೂ ಹಾಕಿದ್ರು. ಖಾಲಿ. ಹಿರಿಯ ಡಾಕ್ಟ್ರು ಬಂದು ಒಂದು ಗಂಟೆ ಕೂತು ನೋಡಿ ರುಜು ಹಾಕಿದ್ರು. ಗ್ರಂಥಿ ಹದಿನೆಂಟಕ್ಕೆ ಹದಿನೆಂಟೂ ಶುದ್ಧ."

ಮಾವ ಚಪ್ಪಾಳೆ ತಟ್ಟಿದರು. ಏನೆಂದು ತಿಳಿಯದೆ ಪುಟ್ಟಿಯೂ ತಟ್ಟಿದಳು. ಅತ್ತೆಯ ಮುಖದಲ್ಲಿ ನಗು ಬಂತು, ಆದರೆ ಪೂರ್ತಿ ಬರಲಿಲ್ಲ.

"ನಲವತ್ತನೆಯವರಿಗೆ ಇದರಿಂದ ಏನೂ ಬದಲಾಗಲ್ಲ" ಎಂದರು. "ಅವರು ಹೂವಿನ ಅಂಗಡಿಯವರಂತೆ. ಅವರದು ಆರು ಗ್ರಂಥಿಗೆ ಹರಡಿದೆ. ಅದು ನಿಜವಾದದ್ದು. ಹೊಸ ನಾಳ ಬೆಳೆಯೋದನ್ನ ತಡೆಯೋ ಔಷಧ ಈಗ ಇದೆಯಂತೆ, ಕೀಮೋ ಜೊತೆ ಮುಂದೆ ಬೇಕಾದ್ರೆ ಕೊಡಬಹುದು ಅಂದ್ರು ಡಾಕ್ಟರಮ್ಮ. ನೋಡಬೇಕು."

ಡಬ್ಬಿಯಲ್ಲಿದ್ದುದನ್ನು ಬಿಸಿ ಮಾಡಿ ಕೊಟ್ಟೆ. ತಿಂದರು.

ಶನಿವಾರ ಅರ್ಧ ದಿನ. ಲ್ಯಾಬಿನಲ್ಲಿ ತಪ್ಪುಗಳನ್ನು ಬರೆಯುವ ಒಂದು ಪುಸ್ತಕವಿದೆ. ಡಾಕ್ಟರಮ್ಮ ತಾವೇ ಬರೆಯುತ್ತೇನೆಂದು ಪೆನ್ನು ತೆಗೆದಿದ್ದರಂತೆ. "ತಾಂತ್ರಿಕ ಕಾರಣದಿಂದ" ಎಂದು ಶುರು ಮಾಡಿದ್ದನ್ನು ಕಂಡು ಅತ್ತೆ ಪುಸ್ತಕವನ್ನು ತಮ್ಮ ಕಡೆ ಎಳೆದುಕೊಂಡರು.

"ಏನು ತಾಂತ್ರಿಕ? ಯಂತ್ರಕ್ಕೆ ಏನಾಗಿತ್ತು ಪಾಪ?"

ಅವರು ಬರೆದದ್ದು ಇಷ್ಟು: ನಲವತ್ತು ಮತ್ತು ನಲವತ್ತೊಂದರ ನಡುವೆ ಫೋನು ತೆಗೆದುಕೊಂಡೆ. ನೀರು ಒರೆಸಲಿಲ್ಲ. ಚೂರು ದಾಟಿತು. ಕೆಳಗೆ ಪೂರ್ತಿ ಹೆಸರು. ಅದರ ಕೆಳಗೆ ಡಾಕ್ಟರಮ್ಮ, ಚೂರು ಬೇರೆ ಮಟ್ಟದಲ್ಲಿದ್ದುದನ್ನು ನಾನು ಗಮನಿಸಲಿಲ್ಲ ಎಂದು ತಾವೂ ಒಂದು ಸಾಲು ಸೇರಿಸಿ ರುಜು ಮಾಡಿದರಂತೆ.

ಹನ್ನೊಂದು ಗಂಟೆಗೆ ಸರ್ಜನ್ನರು ಲ್ಯಾಬಿಗೆ ಇಳಿದು ಬಂದು ಮೇಲೆ ನಡೆದದ್ದನ್ನು ತಿಳಿಸಿದರು. ಬೆಳಿಗ್ಗೆ ಚಾಲಕರು ಅವರಿಗೆ ಹೊಲಿಗೆ ತೋರಿಸಲು ಬಂದಿದ್ದರಂತೆ, ಹೆಂಡತಿಯ ಜೊತೆ. ತಪ್ಪಾಗಿತ್ತು, ಹೀಗೆ ಹೀಗೆ ಆಯಿತು, ಕೀಮೋ ಬೇಕಿಲ್ಲ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು ಎಂದು ಸರ್ಜನ್ನರು ಬಿಡಿಸಿ ಹೇಳಿದರಂತೆ. ಹೆಂಡತಿಗೆ ಸಿಟ್ಟು ಬಂತಂತೆ. ಒಂದು ವಾರ ನಾವು ಹೇಗಿದ್ವಿ ಗೊತ್ತಾ ನಿಮಗೆ ಎಂದು ಕೂಗಿ, ಆಮೇಲೆ ಅತ್ತರಂತೆ. ಚಾಲಕರು ಕೇಳಿದ್ದು ಒಂದೇ ಮಾತು: ಬಸ್ಸು ಯಾವಾಗ ಹತ್ತಬಹುದು? ಆರು ವಾರ ಎಂದಾಗ, "ಕೀಲಿ ಕೊಟ್ಟುಬಿಟ್ಟಿದ್ದೀನಲ್ಲ ಸಾರ್, ನೀವೇ ಶಾಲೆಗೆ ಒಂದು ಫೋನ್ ಹಾಕಿ, ನಾನು ಹೇಳಿದ್ರೆ ನಂಬಲ್ಲ ಅವರು" ಎಂದರಂತೆ.

"ಅವರ ಹೆಂಡತಿ ಕೂಗಿದ್ದು ಸರಿ" ಎಂದಷ್ಟೇ ಅತ್ತೆ ಹೇಳಿದ್ದು.

ಇದೆಲ್ಲ ನನಗೆ ತಿಳಿದದ್ದು ಆ ಮಧ್ಯಾಹ್ನ ಫೋನಿನಲ್ಲಿ. ಒಂದೂವರೆಗೆ ಮನೆ ಸೇರಬೇಕಾದವರು ಎರಡೂಕಾಲಾದರೂ ಬಂದಿರಲಿಲ್ಲ. ಮಾವ ಎರಡು ಸಲ ಗೇಟಿನವರೆಗೆ ಹೋಗಿ ಬಂದರು. ಎರಡೂವರೆಗೆ ಫೋನು ಬಂತು. ಹಿಂದೆ ಬಸ್ಸುಗಳ ಗುರುಗುಟ್ಟುವಿಕೆ.

"ಏ, ನಾನೆಲ್ಲಿದ್ದೀನಿ ಹೇಳು ನೋಡೋಣ? ಕೊನೇ ಸ್ಟಾಪು! ಹತ್ತಿ ಕೂತೆ, ಕಿಟಕಿಗೆ ತಲೆ ಕೊಟ್ಟೆ, ಅಷ್ಟೇ ಗೊತ್ತು. ಡ್ರೈವರ್ ಬಂದು ಅಮ್ಮಾ ಇಳೀರಿ, ಬಸ್ಸು ತೊಳೀಬೇಕು ಅಂತ ಎಬ್ಬಿಸಿದ್ರು. ಬುಧವಾರದಿಂದ ಬಾರದ ನಿದ್ದೆಯೆಲ್ಲ ಒಂದೇ ಸಲ ಬಂತು ನೋಡು." ನಗುತ್ತಿದ್ದರು. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು ಬೆಳಗಿನ ಕಥೆಯೆಲ್ಲ ಹೇಳಿದರು.

ಮಾವ ಸ್ಕೂಟರಿನ ಕೀಲಿ ಹುಡುಕುತ್ತ ಫೋನಿನ ಹತ್ತಿರ ಬಾಯಿ ತಂದರು. "ಅಲ್ಲೇ ಇರು, ಬರ್ತೀನಿ. ಇನ್ನೊಂದು ಬಸ್ ಹತ್ತಬೇಡ, ಇನ್ನೊಂದು ಕೊನೇ ಸ್ಟಾಪಿಗೆ ಹೋಗ್ತೀಯ."

"ನಿಧಾನಕ್ಕೆ ಬನ್ನಿ. ಇಲ್ಲಿ ಮರದ ಕೆಳಗೆ ನೆರಳಿದೆ. ಚೆನ್ನಾಗಿದೆ."